ಸ್ಟೀಲ್ ಗಿಟಾರ್‌ಗೆ ಎಂಥ ಆಂಪ್ಲಿಫೈಯರ್? ಪದೇ ಪದೇ ಕೇಳುವ ಪ್ರಶ್ನೆಗಳು

ಅಡ್ಡಲಾಗಿ ಮಲಗಿಸಿದ ತಂತಿಗಳ ಮೇಲೆ ಉಕ್ಕಿನ ಬಾರ್ ಜಾರಿಸಿ ನುಡಿಸುವ ವಾದ್ಯ ಸ್ಟೀಲ್ ಗಿಟಾರ್. ಅದನ್ನು ನುಡಿಸುವವರು ವೇದಿಕೆ ಹತ್ತುವ ಮುನ್ನ ಕೇಳುವ ಪ್ರಶ್ನೆಗಳು ಎಲ್ಲೆಲ್ಲೋ ಸುತ್ತಿ ಒಂದೇ ಕಡೆ ಬಂದು ನಿಲ್ಲುತ್ತವೆ: ಜೋರಾಗಿ ಕೇಳಿಸಬೇಕು, ಆದರೆ ಧ್ವನಿ ಒಡೆಯಬಾರದು. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಕೂಡಿಹಾಕಿದ್ದೇನೆ. ಪ್ರಶ್ನೆಯ ಮಾತು ಕೇಳಿದವರದೇ, ಉತ್ತರದಲ್ಲಿರುವ ಹಟ ನನ್ನದು. ಸುಲಭದವು ಮೊದಲು, ಗಂಟು ಗಂಟಾದವು ಆಮೇಲೆ.

## ಮೊದಲ ಹೆಜ್ಜೆ

ನನ್ನ ಬಳಿ ಒಳ್ಳೆಯ ಎಲೆಕ್ಟ್ರಿಕ್ ಗಿಟಾರ್ ಆಂಪ್ ಇದೆ. ಸ್ಟೀಲ್‌ಗೂ ಅದೇ ಸಾಲದೇ?

ಮನೆಯಲ್ಲಿ ಸಾಲುತ್ತದೆ. ಡ್ರಮ್ ಪಕ್ಕದಲ್ಲಿ ಕುಳಿತ ದಿನ ಸಾಲುವುದಿಲ್ಲ. ಬಹುಪಾಲು ಗಿಟಾರ್ ಆಂಪ್‌ಗಳನ್ನು ಕಟ್ಟಿರುವುದೇ ಸದ್ದು ಏರಿಸಿದಾಗ ಧ್ವನಿ ಸ್ವಲ್ಪ ಒರಟಾಗಲಿ, ಒಡೆಯಲಿ ಎಂದು. ಗಿಟಾರ್ ನುಡಿಸುವವರಿಗೆ ಆ ಒರಟುತನವೇ ರುಚಿ. ಸ್ಟೀಲ್‌ನಲ್ಲಿ ಎರಡು ಮೂರು ತಂತಿಗಳನ್ನು ಒಟ್ಟಿಗೆ ಮೀಟಿ, ಅದರಲ್ಲೊಂದರ ಶ್ರುತಿಯನ್ನು ಮಾತ್ರ ಕಾಲಿನ ಪೆಡಲಿನಿಂದ ಏರಿಸುವುದೇ ಕಸುಬು; ಇಂಥ ಪೆಡಲ್ ಇರುವುದೇ ಪೆಡಲ್ ಸ್ಟೀಲ್. ಅಲ್ಲಿ ಧ್ವನಿ ಒಡೆದರೆ ಮೂರು ಸ್ವರಗಳೂ ಒಂದೇ ಮುದ್ದೆಯಾಗುತ್ತವೆ.

ತಮಾಷೆಯೆಂದರೆ, ಎಲೆಕ್ಟ್ರಿಕ್ ಗಿಟಾರಿನ ಕಥೆ ಶುರುವಾದದ್ದು ಸ್ಟೀಲ್‌ನಿಂದಲೇ. 1932ರಲ್ಲಿ ಮಾರುಕಟ್ಟೆಗೆ ಬಂದ, ಮುಂದೆ ರಿಕನ್‌ಬ್ಯಾಕರ್ ಎಂದು ಹೆಸರಾದ ಕಂಪನಿಯ 'ಫ್ರೈಯಿಂಗ್ ಪ್ಯಾನ್' ತೊಡೆಯ ಮೇಲಿಟ್ಟು ನುಡಿಸುವ ಸ್ಟೀಲ್, ಅಂದರೆ ಲ್ಯಾಪ್ ಸ್ಟೀಲ್ ಆಗಿತ್ತು. ಆಮೇಲೆ ಆಂಪ್‌ಗಳು ಬೇರೆ ದಾರಿ ಹಿಡಿದವು, ಸ್ಟೀಲ್‌ನವರು ತಮ್ಮದನ್ನು ಹುಡುಕಿಕೊಳ್ಳಬೇಕಾಯಿತು.

ಹೆಡ್‌ರೂಮ್, ಹೆಡ್‌ರೂಮ್ ಎಂದು ಎಲ್ಲರೂ ಹೇಳುತ್ತಾರೆ. ಯಾರೂ ಬಿಡಿಸಿ ಹೇಳುವುದಿಲ್ಲ. ಏನದು?

ನೀವು ಸಾಮಾನ್ಯವಾಗಿ ನುಡಿಸುವ ಮಟ್ಟಕ್ಕೂ ಆಂಪ್ ಕೈಚೆಲ್ಲುವ ಮಟ್ಟಕ್ಕೂ ನಡುವೆ ಉಳಿದಿರುವ ಜಾಗ. ಉಳಿದ ವಾದ್ಯಗಳಲ್ಲಿ ಅದು ಆಪತ್ಕಾಲಕ್ಕೆ ಇಟ್ಟ ಹಣದಂತೆ. ಸ್ಟೀಲ್‌ನಲ್ಲಿ ದಿನವೆಚ್ಚವೇ ಅದರಿಂದ. ಕಾರಣ ಬಲಗಾಲಿನ ಕೆಳಗಿರುವ ವಾಲ್ಯೂಮ್ ಪೆಡಲ್.

ಕಾಲನ್ನು ಗಮನಿಸಿ ನೋಡಿ. ಪೆಡಲನ್ನು ಸುಮಾರು ಅರ್ಧಕ್ಕೆ ಇಟ್ಟುಕೊಂಡು ತಂತಿ ಮೀಟುತ್ತೇವೆ. ನಾದ ಇಳಿಯತೊಡಗಿದಂತೆ ಪಾದ ಮೆಲ್ಲಗೆ ಮುಂದೆ ಬಾಗುತ್ತದೆ. ತಂತಿ ಸಾಯುತ್ತಿದ್ದರೂ ಕೇಳುವವರಿಗೆ ನಾದ ನಿಂತ ನೀರಿನಂತೆ ಸಮನಾಗಿರುತ್ತದೆ. ಇಲ್ಲಿಯವರೆಗೆ ಆಂಪ್‌ಗೆ ಹೆಚ್ಚಿನ ಹೊರೆಯೇನಿಲ್ಲ, ತಂತಿ ಕಳೆದುಕೊಂಡದ್ದನ್ನು ಕಾಲು ತುಂಬಿಕೊಟ್ಟಿದೆ ಅಷ್ಟೇ. ಅಪಾಯ ಇರುವುದು ಮುಂದಿನ ಸ್ವರದಲ್ಲಿ. ಪಾದ ಇನ್ನೂ ಮುಂದೆಯೇ ಇರುವಾಗ ಹೊಸ ತಂತಿಯನ್ನು ಮೀಟಿಬಿಟ್ಟಿರೋ, ಇಳಿಯದ ಪೂರಾ ಪೆಟ್ಟು ಒಮ್ಮೆಗೇ ಆಂಪ್‌ಗೆ ಬಡಿಯುತ್ತದೆ. ಪೆಡಲಿನಲ್ಲಿ 10 ಡೆಸಿಬೆಲ್ ಉಳಿಸಿಕೊಂಡು ನುಡಿಸುವವರಿಗೆ ಆ ಕ್ಷಣದಲ್ಲಿ ಬೇಕಾಗುವುದು ಹತ್ತು ಪಟ್ಟು ಶಕ್ತಿ. ಅಲ್ಲಿಯವರೆಗೆ 8 ವಾಟ್‌ನಲ್ಲಿ ಹಾಯಾಗಿದ್ದ ಆಂಪ್‌ನಿಂದ ಒಮ್ಮೆಲೇ 80 ವಾಟ್ ಕೇಳಿದಂತೆ.

ಸ್ಟೀಲ್‌ನ ಆಂಪ್ ದೊಡ್ಡದಾಗಿರಬೇಕು ಎನ್ನುವುದು ಸದಾ ಗದ್ದಲ ಮಾಡಲಿಕ್ಕಲ್ಲ, ಈ ಒಂದು ಪೆಟ್ಟನ್ನು ತಡೆದುಕೊಳ್ಳಲಿಕ್ಕೆ.

ಧ್ವನಿ ಒಡೆಯುತ್ತಿದೆ ಎಂದು ನನ್ನ ಕಿವಿಗೆ ಗೊತ್ತಾಗುವುದು ಹೇಗೆ? ನನಗೆ ಎಲ್ಲವೂ ಒಂದೇ ಥರ ಕೇಳಿಸುತ್ತದೆ.

ಒಂಟಿ ಸ್ವರ ನುಡಿಸಿ ಪರೀಕ್ಷಿಸಿದರೆ ತಿಳಿಯುವುದಿಲ್ಲ, ಎರಡು ತಂತಿ ಬೇಕು. ಇ9 ಶ್ರುತಿಯ ಪೆಡಲ್ ಸ್ಟೀಲ್‌ನಲ್ಲಿ 3ನೆಯ ಮತ್ತು 4ನೆಯ ತಂತಿಗಳನ್ನು, ಅಂದರೆ ಜಿ ಶಾರ್ಪ್ ಮತ್ತು ಇ, ವಾಲ್ಯೂಮ್ ಪೆಡಲ್ ಪೂರ್ತಿ ಒತ್ತಿ ಒಟ್ಟಿಗೆ ಗಟ್ಟಿಯಾಗಿ ಮೀಟಿ. ಅವುಗಳ ಕಂಪನ ಸುಮಾರು 415 ಮತ್ತು 330 ಹರ್ಟ್ಜ್. ಆಂಪ್ ತಿಳಿಯಾಗಿದ್ದರೆ ಎರಡೇ ಸ್ವರ ಕೇಳಿಸುತ್ತವೆ. ಒಡೆಯುತ್ತಿದ್ದರೆ ಇವೆರಡರ ಅಂತರವಾದ 85 ಹರ್ಟ್ಜ್ ಆಸುಪಾಸಿನಲ್ಲಿ, ನೀವು ಮೀಟದ ಮೂರನೆಯದೊಂದು ತಳದಲ್ಲಿ ಗುರುಗುಟ್ಟುತ್ತದೆ.

ಸಂಶಯ ಬಂದರೆ, ಸ್ವರ ನಿಂತಿರುವಾಗಲೇ, ಶ್ರುತಿ ಬದಲಿಸುವ ಪೆಡಲುಗಳಲ್ಲಿ 'ಬಿ' ಎಂಬುದನ್ನು ಒತ್ತಿ. ಜಿ ಶಾರ್ಪ್ ಏರಿ ಎ ಆಗುತ್ತದೆ, 440 ಹರ್ಟ್ಜ್. ತಳದ ಗುರುಗುಟ್ಟುವಿಕೆಯೂ 85ರಿಂದ 110ಕ್ಕೆ ತಾನಾಗಿಯೇ ಜಾರಿ ಮೇಲೇರುತ್ತದೆ. ಮೇಲಿನ ತಂತಿ ಅರ್ಧ ಸ್ವರ ಮಾತ್ರ ಏರಿದರೆ ಈ ಕಳ್ಳಸ್ವರ ನಾಲ್ಕು ಅರ್ಧ ಸ್ವರಗಳಿಗಿಂತಲೂ ಹೆಚ್ಚು ಹಾರಿರುತ್ತದೆ. ಒಮ್ಮೆ ಅದನ್ನು ಗುರುತಿಸಿದ ಕಿವಿ ಮತ್ತೆ ಮರೆಯುವುದಿಲ್ಲ. ನಾನು ಗುರುತಿಸಿದ್ದು ನನ್ನ ಮೊದಲ ಕಾರ್ಯಕ್ರಮದ ಧ್ವನಿಮುದ್ರಣ ಕೇಳುವಾಗ. ಅಂದು ಬಾಸ್ ನುಡಿಸುವವನು ತಪ್ಪು ಸ್ವರ ಹಿಡಿದ ಎಂದು ಜಗಳ ತೆಗೆದಿದ್ದೆ. ತಪ್ಪು ನನ್ನ ಪುಟ್ಟ ಆಂಪ್‌ನದಾಗಿತ್ತು.

ಎಷ್ಟು ವಾಟ್ ಬೇಕು? ಸುತ್ತಿ ಬಳಸದೆ ಒಂದು ಸಂಖ್ಯೆ ಹೇಳಿ.

ಡ್ರಮ್ ಇರುವ ತಂಡದಲ್ಲಿ ಪೆಡಲ್ ಸ್ಟೀಲ್ ಆದರೆ ಟ್ಯೂಬ್ (ಗಾಜಿನ ನಿರ್ವಾತ ನಳಿಕೆ) ಆಂಪ್‌ನಲ್ಲಿ 80, ಟ್ರಾನ್ಸಿಸ್ಟರ್ ಆಂಪ್‌ನಲ್ಲಿ 150ರಿಂದ 200. ಇನ್ನು ಸ್ವಲ್ಪ ಸುತ್ತಿ ಬಳಸುತ್ತೇನೆ. ವಾಟ್ ಎರಡು ಪಟ್ಟಾದರೆ ಸದ್ದು ಎರಡು ಪಟ್ಟಾಗುವುದಿಲ್ಲ, 3 ಡೆಸಿಬೆಲ್ ಏರುತ್ತದೆ, ಅಷ್ಟೇ. ಕಿವಿಗೆ ಸರಿಸುಮಾರು ಇಮ್ಮಡಿ ಎನಿಸಲು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವಾಟ್ ಬೇಕು. ಹಾಗಾಗಿ 80 ವಾಟ್‌ನದನ್ನು ಮಾರಿ 100 ವಾಟ್‌ನದನ್ನು ತಂದರೆ ಸಿಗುವುದು ಒಂದೇ ಡೆಸಿಬೆಲ್. ಅದಕ್ಕಾಗಿ ಬೆನ್ನು ಮುರಿದುಕೊಳ್ಳಬೇಡಿ.

ಪೆಟ್ಟಿಗೆಯ ಮೇಲೆ 'ಪೀಕ್' ಎಂದು ಬರೆದಿರುವ ಸಂಖ್ಯೆಯನ್ನು ನೋಡಲೇಬೇಡಿ. ನಿರಂತರವಾಗಿ ಎಷ್ಟು ವಾಟ್, ಎಷ್ಟು ಓಮ್ ಸ್ಪೀಕರಿಗೆ, ಶೇಕಡಾ ಎಷ್ಟು ವಿರೂಪದಲ್ಲಿ ಎಂದು ಮೂರನ್ನೂ ಬರೆದವರನ್ನು ನಂಬಬಹುದು.

ಟ್ಯೂಬ್‌ನ ವಾಟ್ ಟ್ರಾನ್ಸಿಸ್ಟರಿನ ವಾಟ್‌ಗಿಂತ ದೊಡ್ಡದಂತೆ. ವಾಟ್ ವಾಟೇ ಅಲ್ಲವೇ?

ವಾಟ್ ವಾಟೇ. ವ್ಯತ್ಯಾಸ ಇರುವುದು ಮಿತಿ ಮುಟ್ಟಿದಾಗಿನ ನಡತೆಯಲ್ಲಿ. ಟ್ಯೂಬ್ ಆಂಪ್ ಸಾಮಾನ್ಯವಾಗಿ ಅಲೆಯ ತುದಿಯನ್ನು ಮೆಲ್ಲಗೆ ಒತ್ತಿ ದುಂಡಗೆ ಮಾಡುತ್ತದೆ, ಸ್ವಲ್ಪ ದಾಟಿ ಹೋದರೂ ಕಿವಿ ಕ್ಷಮಿಸುತ್ತದೆ. ಟ್ರಾನ್ಸಿಸ್ಟರ್ ಆಂಪ್ ಕೊನೆಯವರೆಗೂ ತಿಳಿಯಾಗಿದ್ದು ಆಮೇಲೆ ಕತ್ತಿಯಲ್ಲಿ ಕತ್ತರಿಸಿದಂತೆ ತುದಿ ಸವರಿಬಿಡುತ್ತದೆ. ಅದರಲ್ಲಿ ಮಿತಿಯ ಹತ್ತಿರ ಸುಳಿಯಲೂಬಾರದು, ಅದಕ್ಕೇ ಹೆಚ್ಚಿನ ವಾಟ್. ಸ್ಟೀಲ್‌ನ ಮಟ್ಟಿಗೆ ನಾನು ಟ್ರಾನ್ಸಿಸ್ಟರಿನ ಪಕ್ಷ. ಟ್ಯೂಬ್‌ನ ಹಿರಿಮೆ ಇರುವುದೇ ಒಡೆಯುವ ಸೊಗಸಿನಲ್ಲಿ, ನಾವಂತೂ ಒಡೆಯಬಾರದು ಎಂದು ಹೊರಟವರು.

ಲ್ಯಾಪ್ ಸ್ಟೀಲ್‌ಗೂ ಇಷ್ಟು ದೊಡ್ಡದು ಬೇಕೇ?

ಬೇಡ. 20ರಿಂದ 40 ವಾಟ್‌ನ ಟ್ಯೂಬ್ ಆಂಪ್‌ನಲ್ಲಿ ಲ್ಯಾಪ್ ಸ್ಟೀಲ್ ಚೆನ್ನಾಗಿಯೇ ಹಾಡುತ್ತದೆ. ಅದರ ತುಸು ಕೆರಕಲು ಧ್ವನಿಯನ್ನು ಇಷ್ಟಪಡುವವರೂ ಬಹಳ.

## ಆರಿಸುವಾಗ

ಹೆಸರು ಹೇಳಿ. ಪೆಡಲ್ ಸ್ಟೀಲ್‌ನವರು ನಿಜವಾಗಿ ಬಳಸುವ ಆಂಪ್‌ಗಳು ಯಾವುವು?

ಟ್ಯೂಬ್‌ನಲ್ಲಿ ಫೆಂಡರ್ ಟ್ವಿನ್ ರಿವರ್ಬ್. 1963ರಲ್ಲಿ ಬಂದದ್ದು, ನಾಲ್ಕು 6ಎಲ್6 ಟ್ಯೂಬ್, 12 ಇಂಚಿನ ಎರಡು ಸ್ಪೀಕರ್, ಸುಮಾರು 85 ವಾಟ್. ತೂಕ 30 ಕಿಲೋ ಹತ್ತಿರ. 1970ರ ದಶಕದ ಕೊನೆಯಲ್ಲಿ ಬಂದ 135 ವಾಟ್‌ನ ಟ್ವಿನ್‌ಗಳನ್ನು ಗಿಟಾರ್‌ನವರು ತೀರಾ ತಿಳಿ ಎಂದು ಮೂಗು ಮುರಿಯುತ್ತಾರೆ. ನಮಗೆ ಅದಕ್ಕಿಂತ ಒಳ್ಳೆಯ ಶಿಫಾರಸು ಬೇಕೇ?

ಟ್ರಾನ್ಸಿಸ್ಟರಿನಲ್ಲಿ ಪೀವಿ ಕಂಪನಿಯದೇ ಒಂದು ವಂಶಾವಳಿ ಇದೆ. 1970ರ ದಶಕದ ಸೆಷನ್ 400, ಆಮೇಲೆ ಬಂದ ನ್ಯಾಶ್‌ವಿಲ್ 400 ಎರಡೂ 200 ವಾಟ್ ಆಸುಪಾಸಿನವು, 15 ಇಂಚಿನ ಒಂದು ಸ್ಪೀಕರ್. ನ್ಯಾಶ್‌ವಿಲ್ 112ರಲ್ಲಿ 80 ವಾಟ್, 12 ಇಂಚು, ಎತ್ತಲು ಸುಲಭ. ಫೆಂಡರ್ ಕೂಡ ಸ್ಟೀಲ್ ಕಿಂಗ್ ಎಂಬ 200 ವಾಟ್‌ನ ಟ್ರಾನ್ಸಿಸ್ಟರ್ ಆಂಪನ್ನು ತಂದಿತ್ತು. ಸ್ಟೀಲ್‌ಗೆಂದು ಮಾಡದಿದ್ದರೂ ರೋಲಂಡ್ ಜೆಸಿ-120 ನೆನಪಿಡಬೇಕಾದದ್ದು: 1975ರದು, 60 ವಾಟ್‌ನ ಎರಡು ಆಂಪ್‌ಗಳು ಒಂದೇ ಪೆಟ್ಟಿಗೆಯಲ್ಲಿ.

ಈಗಿನ, ಕ್ಲಾಸ್ ಡಿ ಎಂಬ ಹಗುರವಾದ ಬಗೆಯ ಆಂಪ್‌ಗಳು ಅದೇ 200 ವಾಟ್ ಅನ್ನು ಒಂದು ಕೈಯಲ್ಲಿ ಎತ್ತುವ ತೂಕಕ್ಕೆ ಇಳಿಸಿವೆ. ಪೆಡಲ್ ಸ್ಟೀಲನ್ನೇ ಹೊತ್ತು ಸುಸ್ತಾದವರಿಗೆ ಇದು ಸಣ್ಣ ಮಾತಲ್ಲ.

15 ಇಂಚಿನ ಸ್ಪೀಕರೇ ಬೇಕು ಎಂದು ಹಿರಿಯರು ಹಟ ಹಿಡಿಯುತ್ತಾರೆ. 12 ಇಂಚು ಆಗುವುದಿಲ್ಲವೇ?

ನೀವು ನುಡಿಸುವ ಶ್ರುತಿ ಯಾವುದು ಎಂಬುದರ ಮೇಲೆ ಹೋಗುತ್ತದೆ. ಇ9ರ ಹತ್ತನೆಯ ತಂತಿ ಬಿ, ಸುಮಾರು 123 ಹರ್ಟ್ಜ್. ಮಾಮೂಲಿ ಗಿಟಾರಿನ ಕೆಳಗಿನ ಇ 82. ಅಂದರೆ ಇ9 ನುಡಿಸುವವರು ಗಿಟಾರಿನಷ್ಟು ತಳಕ್ಕೂ ಇಳಿಯುವುದಿಲ್ಲ, ಒಳ್ಳೆಯ 12 ಇಂಚು ಧಾರಾಳ. ಸಿ6ರಲ್ಲಿ ಕಥೆಯೇ ಬೇರೆ. ಅಲ್ಲಿ ಹತ್ತನೆಯ ತಂತಿ ಸಿ, 65 ಹರ್ಟ್ಜ್. ಎಂಟನೆಯ ಪೆಡಲ್ ಒತ್ತಿದರೆ ಅದು ಎ ಆಗಿ 55ಕ್ಕೆ ಇಳಿಯುತ್ತದೆ. ಆ ಆಳದಲ್ಲಿ ಗಾಳಿ ತಳ್ಳಲು ದೊಡ್ಡ ಕೋನ್ (ಸ್ಪೀಕರಿನಲ್ಲಿ ಅದುರುವ ಕಾಗದದ ಬಟ್ಟಲು) ಬೇಕು, ಹಿರಿಯರ ಹಟಕ್ಕೆ ಅರ್ಥವಿದೆ.

15 ಇಂಚೆಂದರೆ ಮಂಕು ಧ್ವನಿ ಎಂಬುದು ಮಾತ್ರ ತಪ್ಪು ನಂಬಿಕೆ. ಹಳೆಯ ಜೆಬಿಎಲ್ ಡಿ130ಎಫ್ ಸ್ಪೀಕರಿನ ನಡುವೆ ಹೊಳೆಯುವ ಅಲ್ಯುಮಿನಿಯಮ್ ಗುಮ್ಮಟವಿದೆಯಲ್ಲ, ಮೇಲಿನ ಸ್ವರಗಳ ಮಿಂಚು ಬರುವುದರಲ್ಲಿ ಅದರ ಪಾಲೂ ಇದೆ.

ವಾಟ್ ಹೆಚ್ಚಿಸದೆ ಸದ್ದು ಹೆಚ್ಚಿಸುವ ದಾರಿ ಇದೆಯೇ?

ಇದೆ, ಹೆಚ್ಚಿನವರು ನೋಡದೆ ಬಿಡುವ ದಾರಿ. ಸ್ಪೀಕರಿನ ವಿವರಪಟ್ಟಿಯಲ್ಲಿ ಸಂವೇದನೆ ಎಂಬ ಒಂದು ಸಾಲು ಇರುತ್ತದೆ: 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್. 94 ಇರುವ ಸ್ಪೀಕರ್ ತೆಗೆದು 100 ಇರುವುದನ್ನು ಹಾಕಿದರೆ 6 ಡೆಸಿಬೆಲ್ ಲಾಭ. ಅಷ್ಟನ್ನು ಆಂಪ್‌ನಿಂದಲೇ ಪಡೆಯಬೇಕೆಂದರೆ ವಾಟ್ ನಾಲ್ಕು ಪಟ್ಟಾಗಬೇಕು. 50 ವಾಟ್ ಆಂಪ್ 200 ವಾಟ್‌ನದರ ಕೆಲಸ ಮಾಡಿದಂತಾಯಿತು.

ಸ್ಪೀಕರಿಗೂ ಒಡೆಯುವ ಬಿಂದು ಇರುತ್ತದೆ. ತೆಳು ಕೋನಿನ ಗಿಟಾರ್ ಸ್ಪೀಕರ್‌ಗಳು ಆಂಪ್ ತಿಳಿಯಾಗಿದ್ದರೂ ತಾವೇ ಕರಕರ ಎನ್ನುತ್ತವೆ. ಅದು ತಾಳಿಕೊಳ್ಳುವ ವಾಟ್ ನಿಮ್ಮ ಆಂಪ್‌ನದಕ್ಕಿಂತ ಚೆನ್ನಾಗಿ ಹೆಚ್ಚಿರಲಿ.

ಕೀಬೋರ್ಡ್ ಆಂಪ್ ಅಥವಾ ಬಾಸ್ ಆಂಪ್ ಬಳಸಿದರೆ ಯಾರಾದರೂ ನಗುತ್ತಾರೆಯೇ?

ನಗಲಿ ಬಿಡಿ. ಎರಡೂ ತಿಳಿಯಾಗಿರುತ್ತವೆ. ಕೀಬೋರ್ಡ್ ಆಂಪ್‌ನಲ್ಲಿ ತೊಂದರೆ ಕೊಡುವುದು ಅದರ ಟ್ವೀಟರ್, ಅಂದರೆ ಮೇಲಿನ ಸ್ವರಗಳಿಗೆಂದೇ ಇರುವ ಪುಟ್ಟ ಸ್ಪೀಕರ್. ಬೆರಳಿನ ಪಿಕ್ ತಂತಿಗೆ ತಾಗುವ ಟಿಕ್, ಸುರುಳಿ ತಂತಿಯ ಮೇಲೆ ಬಾರ್ ಜಾರುವ ಸರಸರ ಎಲ್ಲವನ್ನೂ ಅದು ಭೂತಗನ್ನಡಿಯಲ್ಲಿ ಹಿಡಿದು ತೋರಿಸುತ್ತದೆ. ಗಿಟಾರ್ ಸ್ಪೀಕರ್‌ಗಳು ಸುಮಾರು 5 ಕಿಲೋಹರ್ಟ್ಜ್ ಮೇಲೆ ತಾವಾಗಿಯೇ ಸುಮ್ಮನಾಗುತ್ತವೆ, ನಾವು ಕೇಳಿ ಬೆಳೆದ ಸ್ಟೀಲ್ ಧ್ವನಿ ಅಂಥದ್ದು. ಟ್ವೀಟರ್ ಆರಿಸುವ ಸ್ವಿಚ್ ಇದ್ದರೆ ಆರಿಸಿ. ಬಾಸ್ ಆಂಪ್‌ನಲ್ಲಿ ರಿವರ್ಬ್ (ಧ್ವನಿಗೆ ಅನುರಣನ ಸೇರಿಸುವ ಭಾಗ) ಇರುವುದು ಅಪರೂಪ, ಬೇರೆ ತರಬೇಕು.

ಹಳೆಯ ಆಂಪ್ ಒಂದನ್ನು ನೋಡಿದ್ದೇನೆ. ಕೊಳ್ಳುವ ಮುನ್ನ ಏನೇನು ಪರೀಕ್ಷಿಸಲಿ?

ನಿಮ್ಮದೇ ಸ್ಟೀಲ್, ನಿಮ್ಮದೇ ವಾಲ್ಯೂಮ್ ಪೆಡಲ್ ಒಯ್ಯಿರಿ. ಅಂಗಡಿಯ ಗಿಟಾರಿನಲ್ಲಿ ನುಡಿಸಿದರೆ ಏನೂ ತಿಳಿಯದು, ಪೆಡಲ್ ಸ್ಟೀಲಿನ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ಅದಕ್ಕಿಂತ ಬಹಳ ಬಲವಾದದ್ದು. ಅರ್ಧ ಗಂಟೆಯಾದರೂ ಓಡಿಸಿ, ಕಾದ ಮೇಲೆ ಹೊರಬೀಳುವ ದೋಷಗಳೇ ಹೆಚ್ಚು. ಏನೂ ನುಡಿಸದೆ ಸುಮ್ಮನೆ ಕುಳಿತು ಕೇಳಿ. ಪ್ರತಿ ನಾಬ್ ತಿರುಗಿಸಿ, ಗರಗರ ಎಂದರೆ ಧೂಳು, ಅದಕ್ಕೆ ಹೆದರಬೇಕಿಲ್ಲ. ರಿವರ್ಬ್ ಇದ್ದರೆ ಪೆಟ್ಟಿಗೆಯನ್ನು ಮೆಲ್ಲಗೆ ಅಲ್ಲಾಡಿಸಿ, ಸ್ಪ್ರಿಂಗ್ ಜಣಜಣ ಎನ್ನಬೇಕು. ಮುಚ್ಚಳ ಬಿಚ್ಚಿ ಒಳಗೆ ಕೈಹಾಕುವುದು ಮಾತ್ರ ಬೇಡ: ಟ್ಯೂಬ್ ಆಂಪ್‌ನ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು.

## ವೇದಿಕೆಯ ಮೇಲೆ

ನಾಬ್‌ಗಳನ್ನು ಎಲ್ಲಿಗೆ ಇಡಬೇಕು?

ಮೊದಲು ಗೇನ್ (ಆಂಪ್ ಒಳಗಿನ ಮುಂಭಾಗದ ನಾಬ್), ಆಮೇಲೆ ಮಾಸ್ಟರ್ (ಕೊನೆಯ ಒಟ್ಟು ಸದ್ದಿನ ನಾಬ್). ವಾಲ್ಯೂಮ್ ಪೆಡಲ್ ಪೂರ್ತಿ ಒತ್ತಿ, ನೀವು ಮೀಟಬಹುದಾದಷ್ಟು ಗಟ್ಟಿಯಾಗಿ ಮೂರು ತಂತಿ ಮೀಟಿ. ಧ್ವನಿ ಒರಟಾಗುವಲ್ಲಿಂದ ಗೇನನ್ನು ಸ್ವಲ್ಪ ಹಿಂದಕ್ಕೆ ತಂದು ಅಲ್ಲೇ ಬಿಡಿ. ಮುಂದಿನ ಏರಿಳಿತವೆಲ್ಲ ಮಾಸ್ಟರ್‌ನಲ್ಲಿ. ಒರಟುತನ ಮಾಸ್ಟರ್ ಇಳಿಸಿದರೂ ಹೋಗದಿದ್ದರೆ ಅದು ಮುಂಭಾಗದ್ದು: ಗೇನ್ ಇಳಿಸಿ, ಅಥವಾ ಪಿಕಪ್ಪನ್ನು ತಂತಿಗಳಿಂದ ಸ್ವಲ್ಪ ದೂರ ಸರಿಸಿ. ಮಾಸ್ಟರ್ ಇಳಿಸಿದೊಡನೆ ಹೋದರೆ ಪವರ್ ಸಾಲದು ಅಥವಾ ಸ್ಪೀಕರ್ ಸೋಲುತ್ತಿದೆ.

ಟೋನ್‌ನಲ್ಲಿ ಒಂದೇ ಮಾತು. ಮೂಗಿನಲ್ಲಿ ಹಾಡಿದಂತೆ ಕೇಳಿಸುವುದು 800 ಹರ್ಟ್ಜ್ ಆಸುಪಾಸಿನ ಹೆಚ್ಚಳದಿಂದ. ಅಲ್ಲಿ ಕಡಿಮೆ ಮಾಡಿ, ಆದರೆ ಮನೆಯಲ್ಲಿ ಇಂಪಾಗಿ ಕೇಳಿಸುವಷ್ಟು ಕಡಿಮೆ ಮಾಡಿದರೆ ವೇದಿಕೆಯಲ್ಲಿ ನೀವು ಮಾಯವಾಗುತ್ತೀರಿ. ಉಳಿದ ವಾದ್ಯಗಳ ನಡುವೆ ಸ್ಟೀಲ್ ಕೇಳಿಸುವುದೇ ಮಧ್ಯದ ಸ್ವರಗಳಿಂದ.

ಪೆಡಲ್ ಹಿಂದಕ್ಕೆ ತಂದಾಗ ಧ್ವನಿ ಮಂಕಾಗುತ್ತದೆ. ಆಂಪ್ ಬದಲಿಸಬೇಕೇ?

ಬೇಡ, ತಪ್ಪು ಆಂಪ್‌ನದಲ್ಲ. ಸಾದಾ ವಾಲ್ಯೂಮ್ ಪೆಡಲಿನಲ್ಲಿರುವುದು ಬಹುತೇಕ 500 ಕಿಲೋಓಮ್‌ನ ಒಂದು ಪಾಟ್ (ತಿರುಗಿದಂತೆ ಪ್ರತಿರೋಧ ಬದಲಾಗುವ ಬಿಡಿಭಾಗ). ಅದೂ, ಉದ್ದನೆಯ ಕೇಬಲೂ ಸೇರಿ ಪಿಕಪ್ಪಿನ ಮೇಲೆ ಹೊರೆಯಾಗಿ ಮೇಲಿನ ಸ್ವರಗಳನ್ನು ನುಂಗುತ್ತವೆ. ಸ್ಟೀಲ್ ಮತ್ತು ಪೆಡಲ್ ನಡುವೆ 1 ಮೆಗಾಓಮ್ ಇನ್‌ಪುಟ್‌ನ ಬಫರ್ (ಈ ಹೊರೆ ತಪ್ಪಿಸುವ ಪುಟ್ಟ ಸಾಧನ) ಒಂದನ್ನು ಹಾಕಿದರೆ ಪಿಕಪ್‌ಗೆ ಪೆಡಲ್ ಕಾಣಿಸುವುದೇ ಇಲ್ಲ. ಹೊಸ ಆಂಪ್ ಕೊಳ್ಳಲು ಹೊರಟ ಎಷ್ಟೋ ಮಂದಿಗೆ ಬೇಕಾಗಿದ್ದದ್ದು ಇಷ್ಟೇ.

ಡಿಲೇ, ರಿವರ್ಬ್ ವಾಲ್ಯೂಮ್ ಪೆಡಲಿಗಿಂತ ಮುಂಚೆಯೋ ಆಮೇಲೋ?

ಆಮೇಲೆ. ಮುಂಚೆ ಇಟ್ಟರೆ ಕಾಲು ಹಿಂದೆ ಬಂದೊಡನೆ ಪ್ರತಿಧ್ವನಿಯ ಬಾಲವೂ ಕತ್ತರಿಸಿಹೋಗುತ್ತದೆ.

ಗುಂಯ್ ಎನ್ನುವ ಸದ್ದು ಹೋಗುತ್ತಲೇ ಇಲ್ಲ. ಅರ್ಥಿಂಗ್ ಪಿನ್ ಕಿತ್ತರೆ ನಿಲ್ಲುತ್ತದೆ ಎಂದರು.

ಹಾಗೆ ಹೇಳಿದವರ ಮಾತನ್ನು ಇನ್ನು ಮೇಲೆ ಯಾವುದಕ್ಕೂ ಕೇಳಬೇಡಿ. ಕೈಯಲ್ಲಿ ಉಕ್ಕಿನ ಬಾರ್, ಬೆರಳಿಗೆ ಲೋಹದ ಪಿಕ್, ಕಾಲಡಿ ಲೋಹದ ಪೆಡಲ್. ಅರ್ಥಿಂಗ್ ಇಲ್ಲದ ಆಂಪ್ ಕೆಟ್ಟರೆ ವಿದ್ಯುತ್ತಿಗೆ ನೀವೇ ದಾರಿ.

ಕುಳಿತ ಜಾಗದಲ್ಲೇ ಸ್ಟೀಲನ್ನು ಸ್ವಲ್ಪ ತಿರುಗಿಸಿ ನೋಡಿ. ದಿಕ್ಕು ಬದಲಾದಂತೆ ಸದ್ದು ಏರಿಳಿದರೆ ಅದು ಸಿಂಗಲ್ ಕಾಯಿಲ್ ಪಿಕಪ್ ಹೀರುತ್ತಿರುವ ಹಮ್, ದೀಪಗಳ ಡಿಮ್ಮರ್ ಮತ್ತು ಟ್ರಾನ್ಸ್‌ಫಾರ್ಮರ್‌ಗಳಿಂದ ದೂರ ಸರಿಯಿರಿ ಅಥವಾ ಹಂಬಕರ್ (ಹಮ್ ತಡೆಯುವ ಎರಡು ಕಾಯಿಲ್ ಪಿಕಪ್) ಹಾಕಿಸಿ. ದಿಕ್ಕಿಗೆ ಬಗ್ಗದೆ, ಸೌಂಡ್ ಮಿಕ್ಸರಿಗೆ ತಂತಿ ಜೋಡಿಸಿದಾಗ ಮಾತ್ರ ಬಂದರೆ ಗ್ರೌಂಡ್ ಲೂಪ್, ಅಂದರೆ ಎರಡು ದಾರಿಯಲ್ಲಿ ಅರ್ಥಿಂಗ್ ಸಿಕ್ಕು ಸುತ್ತಾಗಿದೆ. ಅದಕ್ಕೆ ಟ್ರಾನ್ಸ್‌ಫಾರ್ಮರ್ ಇರುವ, ಮಿಕ್ಸರಿಗೆ ಹೋಗುವ ತಂತಿಯ ನಡುವೆ ಹಾಕುವ ಡಿಐ ಪೆಟ್ಟಿಗೆಯೇ ಮದ್ದು.

ಮುಂದಿನ ಸಾಲಿನವರು ಕಿವಿ ಮುಚ್ಚಿಕೊಳ್ಳುತ್ತಾರೆ, ನನಗೆ ನನ್ನದೇ ಕೇಳಿಸುವುದಿಲ್ಲ. ಇದೆಂಥ ನ್ಯಾಯ?

ದೊಡ್ಡ ಕೋನ್ ಮೇಲಿನ ಸ್ವರಗಳನ್ನು ಟಾರ್ಚಿನಂತೆ ನೇರ ಮುಂದಕ್ಕೆ ಎಸೆಯುತ್ತದೆ. ನೆಲದ ಮೇಲಿಟ್ಟ ಆಂಪ್‌ನ ಬೆಳಕು ನಿಮ್ಮ ಮೊಣಕಾಲಿನ ಪಕ್ಕದಿಂದ ಹಾದು ಎದುರಿನವರ ಮುಖಕ್ಕೆ ಬೀಳುತ್ತಿದೆ. ಹಿಂದಕ್ಕೆ ವಾಲಿಸಿ, ಸ್ಪೀಕರಿನ ನಡುಭಾಗ ನಿಮ್ಮ ಕಿವಿಯತ್ತ ನೋಡಲಿ. ಮರುಗಳಿಗೆಯೇ ನೀವಾಗಿಯೇ ಟ್ರೆಬಲ್ ಇಳಿಸುತ್ತೀರಿ, ಮುಂದಿನ ಸಾಲು ಬದುಕುತ್ತದೆ.

ನಿಮ್ಮ ಕಿವಿಯೂ ಬದುಕಬೇಕು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹೇಳುವ ಮಿತಿ 85 ಡೆಸಿಬೆಲ್‌ನಲ್ಲಿ 8 ಗಂಟೆ, ಪ್ರತಿ 3 ಡೆಸಿಬೆಲ್‌ಗೆ ಹೊತ್ತು ಅರ್ಧ. 100 ಡೆಸಿಬೆಲ್ ಆದರೆ ದಿನಕ್ಕೆ 15 ನಿಮಿಷ, ಅಂದರೆ ಮೂರು ನಾಲ್ಕು ಹಾಡು.

ಮೈಕ್ ಇಟ್ಟು ದೊಡ್ಡ ಸ್ಪೀಕರ್‌ಗಳಿಗೆ ಕೊಡುತ್ತಾರಲ್ಲ, ಹಾಗಿದ್ದರೆ ಸಣ್ಣ ಆಂಪ್ ಸಾಲದೇ?

ಮೈಕ್ ಆಂಪ್ ಕೊಟ್ಟದ್ದನ್ನು ದೊಡ್ಡದು ಮಾಡುತ್ತದೆ, ಒಡೆದದ್ದನ್ನು ಕೂಡಿಸುವುದಿಲ್ಲ. ವೇದಿಕೆಯ ಮೇಲೆ ನೀವು ನಿಮ್ಮನ್ನು ಕೇಳಿಸಿಕೊಳ್ಳುವ ಮಟ್ಟದಲ್ಲಿ ಆಂಪ್ ತಿಳಿಯಾಗಿದ್ದರೆ ಸಣ್ಣದೂ ಸಾಕು. ನಿಮ್ಮತ್ತ ತಿರುಗಿಸಿಟ್ಟ ಮಾನಿಟರ್ ಸ್ಪೀಕರಿನಲ್ಲಿ ಸ್ಟೀಲ್ ಕೊಡಿಸಿಕೊಂಡರೆ ಆ ಮಟ್ಟ ಇನ್ನೂ ಇಳಿಯುತ್ತದೆ. ಮೈಕನ್ನು ಸ್ಪೀಕರಿನ ನಟ್ಟನಡುವೆ ಇಟ್ಟರೆ ಚುಚ್ಚುತ್ತದೆ, ಗುಮ್ಮಟದ ಅಂಚಿಗೆ ಸರಿಸಿ. ಮೈಕ್ ಇಲ್ಲದೆ ಆಂಪ್ ಹಿಂಬದಿಯ ಲೈನ್ ಔಟ್‌ನಿಂದ ನೇರ ತಂತಿ ಕೊಟ್ಟರೆ ಸ್ಪೀಕರಿನ ಸೋಸುವಿಕೆ ತಪ್ಪಿ ಧ್ವನಿ ತೀರಾ ಚೂಪಾಗುತ್ತದೆ. ಆ ಸೋಸುವಿಕೆಯನ್ನು ಅನುಕರಿಸುವ, ಸ್ಪೀಕರ್ ಸಿಮ್ಯುಲೇಶನ್ ಇರುವ ಔಟ್ ಇದ್ದರೆ ಮಾತ್ರ ಆ ದಾರಿ.

ಇರುವ ಆಂಪ್‌ಗೇ ಇನ್ನೊಂದು ಸ್ಪೀಕರ್ ಪೆಟ್ಟಿಗೆ ಜೋಡಿಸಿದರೆ?

ಒಳ್ಳೆಯ ಯೋಚನೆ, ಲೆಕ್ಕ ಮಾಡಿ ಜೋಡಿಸಿ. 8 ಓಮ್‌ನ ಎರಡು ಸ್ಪೀಕರ್ ಸಮಾನಾಂತರವಾಗಿ ಸೇರಿದರೆ 4 ಓಮ್. ಟ್ರಾನ್ಸಿಸ್ಟರ್ ಆಂಪ್ 4 ಓಮ್ ತಾಳುವಂಥದ್ದಾದರೆ 8 ಓಮ್‌ಗಿಂತ ಹೆಚ್ಚು ವಾಟ್ ಅನ್ನೂ ಕೊಡುತ್ತದೆ. ಹಿಂಬದಿಯಲ್ಲಿ ಕನಿಷ್ಠ 8 ಓಮ್ ಎಂದು ಬರೆದಿದ್ದರೆ ಜೋಡಿಸಬೇಡಿ, ಸುಟ್ಟುಹೋಗಬಹುದು. ಟ್ಯೂಬ್ ಆಂಪ್‌ನ ರೀತಿ ಬೇರೆ: ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಹೊಂದುವ ಓಮ್ ಇರಬೇಕು, ಮತ್ತು ಸ್ಪೀಕರ್ ಇಲ್ಲದೆ ಅದನ್ನು ಎಂದೂ ನುಡಿಸಬಾರದು. ಎರಡನೆಯ ಪೆಟ್ಟಿಗೆಗೆ ಗಿಟಾರ್ ಕೇಬಲ್ ಹಾಕಬೇಡಿ. ಜ್ಯಾಕ್ ಒಂದೇ ಥರ ಕಂಡರೂ ಒಳಗಿನ ತಂತಿ ಕೂದಲೆಳೆಯಷ್ಟು, 200 ವಾಟ್ ಹರಿದರೆ ಬಿಸಿಯಾಗುತ್ತದೆ. ಸ್ಪೀಕರ್ ಕೇಬಲನ್ನೇ ತಂದು, ಎರಡೂ ತುದಿಗೆ ಬಣ್ಣದ ಟೇಪ್ ಸುತ್ತಿಡಿ. ಕತ್ತಲ ವೇದಿಕೆಯಲ್ಲಿ ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಚುಚ್ಚುವುದು ತಪ್ಪುತ್ತದೆ.